ಮೊದಲ ದಿನವೇ ‘ಇವತ್ತು ನಿಲ್ಲಿಸಬೇಡಿ’ ಅಂದ ವ್ಯಸನಮುಕ್ತಿ ಕೇಂದ್ರ: ಒಬ್ಬ ಟೈಲರ್‌ನ 14 ತಿಂಗಳ ಅನುಭವ

ನಾನು ಫೋನ್ ಮಾಡಿದ್ದು ಒಂದು ಮಂಗಳವಾರ ಬೆಳಿಗ್ಗೆ. ಆ ಕಡೆಯಿಂದ ಮಾತಾಡಿದ ಹೆಣ್ಣುಮಗಳು ಹೆಸರು ಕೇಳುವ ಮೊದಲೇ ಕೇಳಿದ್ದು, “ಇವತ್ತು ಕುಡಿದಿದ್ದೀರಾ?” ಅಂತ. ಸುಳ್ಳು ಹೇಳೋಣ ಅನಿಸಿತು. ಆದರೆ ನಿಜವೇ ಬಾಯಿಗೆ ಬಂತು. “ಹೌದು ಮೇಡಂ, ಎದ್ದ ಕೂಡಲೇ. ಆದರೆ ಇವತ್ತಿಂದ ಪೂರ್ತಿ ಬಿಟ್ಟೆ.”

“ಬೇಡ. ಇವತ್ತೇ ಒಮ್ಮೆಲೇ ನಿಲ್ಲಿಸಬೇಡಿ” ಅಂದರು.

ಫೋನನ್ನು ಕಿವಿಯಿಂದ ತೆಗೆದು ನಂಬರ್ ನೋಡಿದೆ. ಎಲ್ಲೋ ತಪ್ಪಿ ಹೋಗಿದೆ ಅಂದುಕೊಂಡೆ. ಕುಡಿತ ಬಿಡಿಸುವವರೇ ಬಿಡಬೇಡ ಅಂದರೆ ಇನ್ನು ಯಾರನ್ನು ಕೇಳೋದು?

ಆಕೆ ಬಿಡಿಸಿ ಹೇಳಿದರು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದ ಮೈಗೆ ಅದು ಇದ್ದಕ್ಕಿದ್ದಂತೆ ಸಿಗದಿದ್ದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಭ್ರಮೆ ಹಿಡಿಯುತ್ತದೆ, ಇಲ್ಲದ್ದು ಕಾಣುತ್ತದೆ, ಜ್ವರ ಏರುತ್ತದೆ. ಅದರಲ್ಲಿ ಜೀವ ಹೋಗುವುದೂ ಉಂಟು. “ನಿಮ್ಮನ್ನು ನೋಡುವವರೆಗೆ ಈಗ ಕುಡಿಯುವುದಕ್ಕಿಂತ ಹೆಚ್ಚಿಸಬೇಡಿ, ಎಷ್ಟು ಹೊತ್ತಿಗೆ ಎಷ್ಟು ಅಂತ ಬರೆದಿಡಿ, ಗಾಡಿ ಓಡಿಸಬೇಡಿ. ಫಿಟ್ಸ್ ಬಂದರೆ, ಮಾತು ತೊದಲಿ ದಿಕ್ಕು ತಪ್ಪಿದರೆ ನಮಗೆ ಫೋನ್ ಮಾಡುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ.” ನನಗೆ 49 ವರ್ಷ. ಇದಕ್ಕೆ ಮೊದಲು ಮೂರು ಸಲ ನಾನೇ ಒಮ್ಮೆಲೇ ನಿಲ್ಲಿಸಿದ್ದೆ. ಇದನ್ನು ಯಾರೂ ಹೇಳಿರಲಿಲ್ಲ.

ನಾನು ಟೈಲರ್. ಈ ವಿಮರ್ಶೆ ಓದುವವರಿಗೆ ಅದು ಯಾಕೆ ಬೇಕು ಅಂದರೆ, ನನ್ನ ಕಥೆ ಎಲ್ಲಾ ಕೈಯಲ್ಲೇ ಇದೆ. ಕೊನೆಯ ಎರಡು ವರ್ಷ ಸೂಜಿಗೆ ದಾರ ಪೋಣಿಸುತ್ತಿದ್ದವಳು ನನ್ನ ಹೆಂಡತಿ. ಗಿರಾಕಿಗಳು ಕಣ್ಣು ಮಂಜಾಗಿದೆ ಅಂದುಕೊಂಡಿದ್ದರು, ನಾನೂ ಹಾಗೇ ಅನ್ನುತ್ತಿದ್ದೆ. ಕಣ್ಣು ಸರಿಯಾಗೇ ಇತ್ತು. ಬೆಳಿಗ್ಗೆ ಒಂದು ಗ್ಲಾಸ್ ಹೋಗುವವರೆಗೆ ಕೈ ನಿಲ್ಲುತ್ತಿರಲಿಲ್ಲ. ಮಜಾಕ್ಕೆ ಕುಡಿಯುವ ಕಾಲ ಮುಗಿದು ಎಷ್ಟೋ ವರ್ಷ ಆಗಿತ್ತು. ಕತ್ತರಿ ಹಿಡಿಯಲು ಕುಡಿಯುತ್ತಿದ್ದೆ.

ಇಲ್ಲಿ ಹಾಸಿಗೆ ಇಲ್ಲ, ಬೀಗ ಇಲ್ಲ. ಮನೆಯಲ್ಲೇ ಇದ್ದು, ಹೇಳಿದ ದಿನ ಹೋಗಿ ಬರುವುದು. ಡಾಕ್ಟರ್, ನರ್ಸ್, ಕೌನ್ಸೆಲರ್, ಗುಂಪು ಸಭೆ ಎಲ್ಲಾ ಒಂದೇ ಕಟ್ಟಡದಲ್ಲಿ. ಇದಕ್ಕೂ ಮೊದಲು ನಾನು ಬೇರೆ ಕಡೆ, 30 ದಿನ ಒಳಗೇ ಇಡುವ ಜಾಗದಲ್ಲಿ ಇದ್ದು ಬಂದಿದ್ದೆ. ಹೆಸರು ಬೇಡ. ಅಲ್ಲಿ ಮೂವತ್ತು ದಿನ ನಾನು ಚಿನ್ನದಂಥ ಮನುಷ್ಯ. ಮನೆಗೆ ಬಂದ ನಾಲ್ಕನೇ ದಿನ ಕುಡಿದೆ. ಯಾಕಂದರೆ ಆ ಗೋಡೆಯೊಳಗೆ ನನ್ನ ಅಂಗಡಿಯಿಂದ ಮನೆಗೆ ಬರುವ ದಾರಿ ಇರಲಿಲ್ಲ, ಆ ದಾರಿಯಲ್ಲಿರುವ ಬಾರ್ ಇರಲಿಲ್ಲ, ಸಾಲ ಕೇಳಲು ಬರುವವರು ಇರಲಿಲ್ಲ. ಈಜು ಕಲಿಯಲು ನೀರಿಲ್ಲದ ಕೊಳಕ್ಕೆ ಇಳಿದ ಹಾಗೆ.

ಹಾಗಂತ ಒಳಗೆ ಇಡುವುದೇ ತಪ್ಪು ಅನ್ನುತ್ತಿಲ್ಲ. ಇಲ್ಲಿನ ನರ್ಸ್ ಮೊದಲೇ ನೇರವಾಗಿ ಹೇಳಿದರು. ಹಿಂದೆ ಫಿಟ್ಸ್ ಬಂದವರು, ಮನೆಯಲ್ಲಿ ನೋಡಿಕೊಳ್ಳಲು ಯಾರೂ ಇಲ್ಲದವರು, ಲಿವರ್ ಜೋರಾಗಿ ಕೆಟ್ಟವರು ಮನೆಯಲ್ಲಿ ಬಿಡುವ ಸಾಹಸ ಮಾಡಬಾರದು, ಆಸ್ಪತ್ರೆಯಲ್ಲಿ ಮಲಗಲೇಬೇಕು ಅಂತ. ನನಗೆ ಫಿಟ್ಸ್ ಬಂದಿರಲಿಲ್ಲ, ಹೆಂಡತಿ ಮನೆಯಲ್ಲಿದ್ದಳು. ಅದಕ್ಕೇ ಒಪ್ಪಿದರು.

ಈಗ ಮೊದಲ ದೂರು. ಆ ಫೋನಿಗೂ ಡಾಕ್ಟರನ್ನು ನೋಡಿದ್ದಕ್ಕೂ ನಡುವೆ 19 ದಿನ! ಬಿಡಬೇಕು ಅನ್ನುವ ಮನಸ್ಸು ಹಾಲು ಉಕ್ಕಿದ ಹಾಗೆ. ಉಕ್ಕಿದಾಗಲೇ ಪಾತ್ರೆ ಹಿಡಿಯಬೇಕು. ಆ 19 ದಿನದಲ್ಲಿ ಎರಡು ಸಲ ಅವರೇ ಫೋನ್ ಮಾಡಿ “ಹೇಗಿದ್ದೀರಿ, ಬರೆದಿಡುತ್ತಿದ್ದೀರಾ?” ಅಂತ ಕೇಳಿದ್ದಕ್ಕೆ ನಾನು ಉಳಿದೆ. ನನ್ನ ಜೊತೆಗೇ ಹೆಸರು ಬರೆಸಿದ ಇನ್ನೊಬ್ಬರು ಬರಲೇ ಇಲ್ಲ.

ಮೊದಲ ಭೇಟಿಯಲ್ಲಿ ಒಂದು ಹಾಳೆ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ಪ್ರಶ್ನಾವಳಿ, ಆಡಿಟ್ ಅಂತ ಹೆಸರು. 10 ಪ್ರಶ್ನೆ, 40 ಅಂಕ. 8 ಮುಟ್ಟಿದರೆ ಜಾಗ್ರತೆ, 20 ಮುಟ್ಟಿದರೆ ಚಟ ಗಟ್ಟಿಯಾಗಿ ಹಿಡಿದಿರಬಹುದು ಅಂತ ಲೆಕ್ಕ. ನನಗೆ 31. ಶಾಲೆಯಲ್ಲಿ ಯಾವ ವಿಷಯದಲ್ಲೂ ಅಷ್ಟು ಬಂದಿರಲಿಲ್ಲ. ಅದನ್ನೇ ಹೇಳಿದೆ, ಡಾಕ್ಟರ್ ನಕ್ಕರು. ಆ ನಗು ನನಗೆ ಹಿಡಿಸಿತು, ಅಲ್ಲಿ ಉಪದೇಶ ಇರಲಿಲ್ಲ.

ಬಿಡುವ ವಾರ ಹೇಗಿತ್ತು ಅಂತ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಎಲ್ಲರೂ ಹೆದರುವುದು ಅದಕ್ಕೇ ಅಲ್ವಾ. ಕ್ಲೋರ್‌ಡಯಾಜೆಪಾಕ್ಸೈಡ್ ಅನ್ನುವ ಮಾತ್ರೆ ಕೊಟ್ಟರು, ಕುಡಿತ ನಿಂತಾಗ ಬರುವ ನಡುಕ, ಫಿಟ್ಸ್ ತಡೆಯಲು. ಮೊದಲ ದಿನ ಜಾಸ್ತಿ, ಆಮೇಲೆ ದಿನದಿಂದ ದಿನಕ್ಕೆ ಕಡಿಮೆ. ಮಾತ್ರೆಗಳನ್ನು ನನ್ನ ಕೈಗೆ ಕೊಡಲಿಲ್ಲ, ಹೆಂಡತಿಯ ಕೈಗೆ ಕೊಟ್ಟರು. ಅದರ ಮೇಲೆ ಕುಡಿದರೆ ಉಸಿರೇ ನಿಲ್ಲಬಹುದು ಅಂತ ಇಬ್ಬರಿಗೂ ಎರಡೆರಡು ಸಲ ಹೇಳಿದರು. ಜೊತೆಗೆ ವಿಟಮಿನ್ ಬಿ1. ಕುಡಿಯುವವರ ಮೈಯಲ್ಲಿ ಅದು ಬರಿದಾಗಿರುತ್ತದೆ, ಹಾಗೇ ಬಿಟ್ಟರೆ ಮಿದುಳಿಗೆ ಪೆಟ್ಟು, ನೆನಪೇ ಅಳಿಸಿಹೋಗಬಹುದು ಅಂದರು.

ಮೊದಲ ಐದು ದಿನ ನರ್ಸ್ ಮನೆಗೇ ಬಂದರು. ಬಂದವರೇ ಕುರ್ಚಿ ಎಳೆದುಕೊಂಡು ಎದುರು ಕೂರುತ್ತಿದ್ದರು. “ಎರಡೂ ಕೈ ಮುಂದೆ ಚಾಚಿ. ಬೆರಳು ಬಿಡಿಸಿ.” ನಾನು ಚಾಚುತ್ತಿದ್ದೆ. 30 ವರ್ಷ ಕಾಜಾ ಹೊಲಿದ ಬೆರಳು ಗಾಳಿಗೆ ಸಿಕ್ಕಿದ ಎಲೆಯ ಹಾಗೆ ಅಲ್ಲಾಡುವುದನ್ನು ಮೂವರೂ ನೋಡುತ್ತಿದ್ದೆವು. ಆಕೆ ಒಂದು ಅಂಕ ಬರೆಯುತ್ತಿದ್ದರು. ಆಮೇಲೆ ಬೆವರು, ವಾಕರಿಕೆ, ತಲೆನೋವು. “ಬೆಳಕು ಕಣ್ಣಿಗೆ ಚುಚ್ಚುತ್ತಾ? ಚರ್ಮದ ಮೇಲೆ ಹುಳ ಹರಿದ ಹಾಗೆ ಆಗುತ್ತಾ? ಇವತ್ತು ಯಾವ ವಾರ?” ಒಟ್ಟು 10 ವಿಷಯ. ಎರಡನೇ ದಿನ ಅಂಕ ಏರಿತು, ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ ಮಾತ್ರೆ ಬದಲಿಸಿದರು. ಆ ರಾತ್ರಿ ಗೋಡೆಯ ಮೇಲೆ ಕೋಟುಗಳು ತೂಗಿದ ಹಾಗೆ ಕಂಡವು. ಅಲ್ಲಿ ಮೊಳೆ ಕೂಡ ಇಲ್ಲ. ಹೆಂಡತಿ “ರೀ, ಅಲ್ಲೇನೂ ಇಲ್ಲ, ನನ್ನ ಕಡೆ ನೋಡಿ” ಅಂತ ಕೂತೇ ಇದ್ದಳು. ಬೆಳಗಾಗುವ ಮೊದಲೇ ಅವಳು ಸಹಾಯವಾಣಿಗೆ ಫೋನ್ ಮಾಡಿದ್ದಳು. ಮೂರನೇ ರಿಂಗಿಗೆ ಎತ್ತಿದರಂತೆ. ಕೋಟು ಕಂಡಿದ್ದಲ್ಲದೆ ಬೇರೆ ಗೊಂದಲ ಇದೆಯಾ, ಜ್ವರ ಇದೆಯಾ, ತನ್ನ ಹೆಸರು, ನಿಮ್ಮ ಹೆಸರು ಹೇಳುತ್ತಾರಾ ಅಂತ ಕೇಳಿ, ಇನ್ನೊಂದು ಗಂಟೆಗೆ ಅವರೇ ಮತ್ತೆ ಫೋನ್ ಮಾಡಿದರು. ಬೆಳಿಗ್ಗೆ ನರ್ಸ್ ಎಂದಿಗಿಂತ ಮೊದಲೇ ಬಂದರು. ಐದನೇ ದಿನ ಕೈ ಚಾಚಿದೆ. ಪೂರ್ತಿ ನಿಂತಿರಲಿಲ್ಲ. ಆದರೆ ನರ್ಸ್ ತಮ್ಮ ಚೀಲದಿಂದ ಸೂಜಿ, ದಾರ ತೆಗೆದು ಮೇಜಿನ ಮೇಲಿಟ್ಟರು. ನಾನು ಟೈಲರ್ ಅಂತ ಮೊದಲ ದಿನ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದಾರೆ. ನಾಲ್ಕು ಸಲ ತಪ್ಪಿತು. ಐದನೇ ಸಲ ದಾರ ಒಳಗೆ ಹೋಯಿತು. ಹೆಂಡತಿ ಎದ್ದು ಒಳಗೆ ಹೋದಳು.

ಈ ಒಂದು ವಾರಕ್ಕೆ ನಾನು ಐದಕ್ಕೆ ಐದು ಸ್ಟಾರ್ ಕೊಡುತ್ತೇನೆ. ಆಮೇಲಿನದಕ್ಕೆ ಸ್ವಲ್ಪ ಕತ್ತರಿ ಆಡಿಸಬೇಕು.

ಔಷಧದ ವಿಷಯ. ಮೈಯಿಂದ ಇಳಿಸುವುದು ಮೊದಲ ಹೆಜ್ಜೆ ಮಾತ್ರ, ಮನಸ್ಸಿನ ಸೆಳೆತ ಬೇರೆ ಅಂತ ನನಗೆ ನಾಲ್ಟ್ರೆಕ್ಸೋನ್ ಬರೆದುಕೊಟ್ಟರು. ಮೊದಲು ಅಫೀಮಿನ ಜಾತಿಯ ಚಟಕ್ಕೆ ಬಂದ ಮಾತ್ರೆಯಂತೆ, 1994ರಲ್ಲಿ ಅಮೆರಿಕದಲ್ಲಿ ಕುಡಿತಕ್ಕೂ ಒಪ್ಪಿಗೆ ಸಿಕ್ಕಿದ್ದು. ರಕ್ತ ಪರೀಕ್ಷೆ ಮಾಡಿ ಲಿವರ್ ನೋಡಿಯೇ ಕೊಟ್ಟರು. ನನಗೆ ಅದು ಏನು ಮಾಡಿತು ಅಂದರೆ, ಬಾರ್ ಮುಂದೆ ಹೋಗುವಾಗ ತಲೆಯೊಳಗಿನ ರೇಡಿಯೋ ಸದ್ದು ಕಡಿಮೆಯಾಯಿತು. ಬಂದ್ ಆಗಲಿಲ್ಲ. ಕಡಿಮೆಯಾಯಿತು, ಅಷ್ಟೇ.

ಹಿಂದೆ ನನಗೆ ಡೈಸಲ್ಫಿರಾಮ್ ಕೊಟ್ಟಿದ್ದರು. ಅದು ನುಂಗಿದ ಮೇಲೆ ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು ವಾಂತಿ ಬರುವ ಮಾತ್ರೆ. ಅದರ ಕಥೆಯನ್ನು ಡಾಕ್ಟರ್ ಹೇಳಿದರು. 1940ರ ದಶಕದಲ್ಲಿ ಡೆನ್ಮಾರ್ಕಿನ ಯಾಕೋಬ್ಸನ್ ಮತ್ತು ಹಾಲ್ಡ್ ಅನ್ನುವವರು ಹೊಟ್ಟೆಯ ಹುಳಕ್ಕೆ ಔಷಧವಾಗುತ್ತಾ ಅಂತ ಅದನ್ನು ತಾವೇ ನುಂಗಿ ನೋಡುತ್ತಿದ್ದರಂತೆ. ಕುಡಿದಾಗ ಇಬ್ಬರಿಗೂ ಒದ್ದಾಟ. ಹುಳದ ಔಷಧ ಹೋಗಿ ಕುಡಿತದ ಔಷಧ ಆಯಿತು. ಕಥೆ ಮುಗಿಸಿ ನನ್ನ ಹೆಂಡತಿಯ ಕಡೆ ತಿರುಗಿ, “ಇದನ್ನು ಯಾವತ್ತಾದರೂ ಇವರಿಗೆ ಗೊತ್ತಾಗದ ಹಾಗೆ ಬೆರೆಸಿ ಕೊಟ್ಟಿದ್ದೀರಾ?” ಅಂದರು. ಅವಳು ನೆಲ ನೋಡಿದಳು. ಡಾಕ್ಟರ್ ಬೈಯಲಿಲ್ಲ. ಆದರೆ ಗೊತ್ತಿಲ್ಲದೆ ಕುಡಿದವನ ಬಿಪಿ ಬಿದ್ದು, ಹೃದಯ ನಿಂತು ಸಾಯಬಹುದು ಅಂತ ಸ್ಪಷ್ಟವಾಗಿ ಹೇಳಿದರು. ಅವತ್ತು ಮನೆಗೆ ಬರುವ ದಾರಿಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಕೋಪ ಬಂದಿತ್ತಾ? ಬಂದಿತ್ತು. ನಾನು ಬಚ್ಚಿಟ್ಟ ಬಾಟಲಿಗಳ ಲೆಕ್ಕ ಹಾಕಿದ ಮೇಲೆ ಇಳಿಯಿತು.

ಅವಳಿಗೆ ಅಂತಲೇ ಬೇರೆ ಕೌನ್ಸೆಲಿಂಗ್ ಇತ್ತು. ನಾನು ಹೋಗಲಿ ಬಿಡಲಿ, ಅವಳು ಹೋಗಬಹುದು. ಕುಡಿದಿರುವಾಗ ವಾದ ಮಾಡಬೇಡಿ, ಕುಡಿಯದ ದಿನ ಜೊತೆಗೆ ಕೂತು ಮಾತಾಡಿ, ಅವರ ಪರವಾಗಿ ಯಾರಿಗೂ ಸುಳ್ಳು ಹೇಳಬೇಡಿ ಅಂತ ಕಲಿಸಿದರು. ಮೂರನೆಯದು ಅವಳಿಗೆ ಕಷ್ಟವಾಯಿತು. “ಅವರಿಗೆ ಜ್ವರ, ನಾಳೆ ಬನ್ನಿ” ಅಂತ ಗಿರಾಕಿಗಳಿಗೆ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಒಂದು ದಿನ ಅಂಗಡಿಗೆ ಬಂದವರಿಗೆ, “ಅವರಿಗೇನೂ ಆಗಿಲ್ಲ, ಒಳಗಿದ್ದಾರೆ, ಅವರನ್ನೇ ಕೇಳಿ” ಅಂದುಬಿಟ್ಟಳು. ನಾನು ಪರದೆಯ ಹಿಂದೆ. ಆಚೆ ಬರಲೇಬೇಕಾಯಿತು.

ಗುಂಪು ಸಭೆ ವಾರಕ್ಕೆ ಎರಡು. ಎರಡನೇ ದೊಡ್ಡ ದೂರು ಇಲ್ಲಿದೆ. ಸಮಯ ಬೆಳಿಗ್ಗೆ 11. ಅಂಗಡಿ, ಫ್ಯಾಕ್ಟರಿ, ಗಾರೆ ಕೆಲಸ ಮಾಡುವವರು 11 ಗಂಟೆಗೆ ಹೇಗೆ ಬರುತ್ತಾರೆ? ಕೆಲಸ ಇಲ್ಲದವರಿಗೆ ಮಾತ್ರ ಚಟ ಅಂದುಕೊಂಡಿದ್ದಾರಾ? ಮೂರು ಸಲ ಬರೆದುಕೊಟ್ಟೆವು. ಒಂಬತ್ತನೇ ತಿಂಗಳಲ್ಲಿ ಗುರುವಾರದ್ದನ್ನು ಸಂಜೆಗೆ ಹಾಕಿದರು.

ಸಭೆಯಲ್ಲಿ ನಾನು ಮೊದಲು ಮೂಗು ಮುರಿದಿದ್ದು ಪುಡಿ, ಇಂಜೆಕ್ಷನ್ ಅಂತ ಬರುವ ಹುಡುಗರನ್ನು ಕಂಡು. ನಾನು ಕುಡುಕ ಇರಬಹುದು, ಇವರ ಸಾಲಿನವನಲ್ಲ ಅನ್ನುವ ಧಿಮಾಕು. ಒಬ್ಬ 24ರ ಹುಡುಗ ದಿನಾ ಬಂದು ನರ್ಸ್ ಎದುರೇ ಬುಪ್ರೆನಾರ್ಫಿನ್ ಅನ್ನುವ, ಹೆರಾಯಿನ್ ಥರದ ಚಟಕ್ಕೆ ಕೊಡುವ ಮಾತ್ರೆ ನಾಲಿಗೆಯ ಕೆಳಗೆ ಇಟ್ಟು, ಕರಗುವವರೆಗೆ ಮಾತಾಡದೆ ಕೂರುತ್ತಿದ್ದ. “ಒಂದು ಚಟ ಬಿಟ್ಟು ಇನ್ನೊಂದು ಹಿಡಿದಿದ್ದೀಯಲ್ಲಪ್ಪಾ” ಅಂದೆ. ಕರಗಿದ ಮೇಲೆ ಹೇಳಿದ, “ಅಣ್ಣಾ, ಇದು ಶುರುವಾದ ಮೇಲೆ ಏಳು ತಿಂಗಳಿಂದ ಒಂದೇ ಕಡೆ ಕೆಲಸ ಮಾಡ್ತಿದ್ದೀನಿ. ನೀವು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಬುಪ್ರೆನಾರ್ಫಿನ್, ಅದೇ ಚಟಕ್ಕೆ ಕೊಡುವ ಮೆಥಡೋನ್ ಎರಡೂ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿವೆ ಅಂತ ಆಮೇಲೆ ಗೊತ್ತಾಯಿತು.

ಅವನಿಂದಲೇ ನಲೋಕ್ಸೋನ್ ಬಗ್ಗೆ ಕೇಳಿದ್ದು. ಹೆರಾಯಿನ್ ಥರದ್ದು ಜಾಸ್ತಿಯಾಗಿ ಉಸಿರು ನಿಲ್ಲುತ್ತಿರುವವರ ಮೂಗಿಗೆ ಹೊಡೆಯುವ ಸ್ಪ್ರೇ. ಎರಡು ಮೂರು ನಿಮಿಷದಲ್ಲಿ ಉಸಿರು ಮರಳಬಹುದು. ಆದರೆ ಅದರ ಪರಿಣಾಮ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಇಳಿದು, ಒಳಗಿನ ವಿಷ ಮತ್ತೆ ಕೆಲಸ ಮಾಡಬಹುದು. ಅದಕ್ಕೇ ಆಂಬುಲೆನ್ಸ್ ಕರೆಯಲೇಬೇಕು, ಮಗ್ಗುಲಾಗಿ ಮಲಗಿಸಬೇಕು, ಬಿಟ್ಟು ಹೋಗಬಾರದು. ಕೆಲವು ವಾರ ಬಿಟ್ಟಿದ್ದವರೇ ಜಾಸ್ತಿ ಅಪಾಯದಲ್ಲಿ ಇರುವವರು. ಮೈಗೆ ತಾಳುವ ಶಕ್ತಿ ಹೋಗಿರುತ್ತದೆ, ಕೈ ಮಾತ್ರ ಹಳೆಯ ಅಳತೆಯನ್ನೇ ಮರೆತಿರುವುದಿಲ್ಲ. ಹಳೆ ಅಳತೆಯಲ್ಲಿ ಹೊಸ ಮೈಗೆ ಹೊಲಿದರೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅರ್ಧ ಗಂಟೆಯ ತರಬೇತಿ ತೆಗೆದುಕೊಂಡು ನಾನೂ ಒಂದು ಸ್ಪ್ರೇ ಇಸಿದುಕೊಂಡೆ.

ಅದೇ ಕಟ್ಟಡದ ಮಹಡಿಯಲ್ಲಿ ಸಂಜೆ ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಯೂ ನಡೆಯುತ್ತದೆ. ಅದು ಈ ಕೇಂದ್ರದ್ದಲ್ಲ, ಕುಡಿತ ಬಿಟ್ಟವರೇ ನಡೆಸಿಕೊಳ್ಳುವುದು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಶೇರು ವ್ಯವಹಾರದ ಬಿಲ್ ಮತ್ತು ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರ್ ಬಾಬ್ ಶುರು ಮಾಡಿದ್ದು. ಬಾಬ್ ಕೊನೆಯ ಸಲ ಕುಡಿದದ್ದು ಒಂದು ಆಪರೇಷನ್ ಬೆಳಿಗ್ಗೆ, ಕೈ ನಡುಗದಿರಲಿ ಅಂತ ಒಂದು ಬಿಯರ್ ಅಂತ ಅಲ್ಲಿ ಹೇಳುತ್ತಾರೆ. ಅದನ್ನು ಕೇಳಿದಾಗ ಮೈ ಜುಮ್ಮೆಂದಿತು. ಆದರೂ ನನಗೆ ಆ ಸಭೆ ಅಷ್ಟಾಗಿ ಒಗ್ಗಲಿಲ್ಲ, ನಾಲ್ಕು ಸಲ ಹೋಗಿ ನಿಲ್ಲಿಸಿದೆ. 2020ರಲ್ಲಿ 27 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆಯ ವರದಿ ಅದರ ಪರವಾಗಿಯೇ ಇದೆ, ಇನ್ನೊಂದು ಸಲ ಪ್ರಯತ್ನಿಸಿ ಅಂದರು ಕೌನ್ಸೆಲರ್. ಒತ್ತಾಯ ಮಾಡಲಿಲ್ಲ. ನನ್ನ ಪಕ್ಕದ ಕುರ್ಚಿಯವರಿಗೆ ಅದೇ ಜೀವ.

ಐದನೇ ತಿಂಗಳಿಗೆ ಬರೋಣ. 140 ಸಮವಸ್ತ್ರದ ದೊಡ್ಡ ಆರ್ಡರ್ ಮುಗಿಸಿ, ದುಡ್ಡು ಕೈಗೆ ಬಂದ ಸಂಜೆ ಕುಡಿದೆ. ಖುಷಿಗೆ! ದುಃಖಕ್ಕೆ ಅಂತ ಎಲ್ಲಾ ತಯಾರಿ ಮಾಡಿಕೊಂಡಿದ್ದೆ, ಖುಷಿಗೆ ಮಾಡಿರಲಿಲ್ಲ. ಎರಡು ದಿನ ಕುಡಿದೆ. ಗುರುವಾರ ಹೋಗಲಿಲ್ಲ. ಶುಕ್ರವಾರ ಬೆಳಿಗ್ಗೆ ಫೋನ್ ಬಂತು, ಎತ್ತಲಿಲ್ಲ. ಮತ್ತೆ ಬಂತು. ಹಿಂದಿನ ಜಾಗದಲ್ಲಿ ಕುಡಿದು ಬಂದವನನ್ನು ಎಲ್ಲರ ಮುಂದೆ ನಿಲ್ಲಿಸಿ ಮಾನ ಕಳೆಯುತ್ತಿದ್ದರು. ಅದೇ ತಲೆಯಲ್ಲಿತ್ತು.

ಹೋದೆ. ಬಾಗಿಲಲ್ಲಿ ಸಿಕ್ಕಿದ್ದು ಅಲ್ಲಿ ಕೆಲಸ ಮಾಡುವ ಒಬ್ಬರು. ಅವರೂ ಒಂದು ಕಾಲಕ್ಕೆ ನಮ್ಮ ಹಾಗೆ ಇದ್ದವರೇ, 11 ವರ್ಷದಿಂದ ಮುಟ್ಟಿಲ್ಲ. ನನ್ನ ಮುಖ ನೋಡಿದ ಕೂಡಲೇ ಗೊತ್ತಾಗಿರಬೇಕು. “ಬನ್ನಿ ಅಣ್ಣಾ. ನೀರು ಕುಡೀತೀರಾ?” ಅಂದರು. ಅಷ್ಟೇ. ನರ್ಸ್ ಕೈ ಚಾಚಿಸಿ ನೋಡಿದರು. ಕೌನ್ಸೆಲರ್ ಒಂದು ಹಾಳೆಯ ಮೇಲೆ ಉದ್ದಕ್ಕೆ ಗೆರೆ ಎಳೆದರು. ಈ ತುದಿಯಲ್ಲಿ ಸಂಜೆ 4 ಗಂಟೆ, ಆ ತುದಿಯಲ್ಲಿ ಮೊದಲ ಗ್ಲಾಸ್. “ನಡುವೆ ಏನೇನಾಯಿತು, ಒಂದೊಂದೇ ಗುರುತು ಹಾಕಿ.” ದುಡ್ಡು ಎಣಿಸಿದ್ದು, ಅಂಗಡಿ ಬೇಗ ಮುಚ್ಚಿದ್ದು, ಹೆಂಡತಿಗೆ ಫೋನ್ ಮಾಡದೇ ಇದ್ದದ್ದು, ಬೆಳಗಿನ ಮಾತ್ರೆ ಬಿಟ್ಟದ್ದು. ಏಳು ಗುರುತು ಬಿತ್ತು. “ಎಡವಿದ್ದು ಬೇರೆ, ಬಿದ್ದು ಮಲಗಿದ್ದು ಬೇರೆ. ನೀವು ಮೂರನೇ ದಿನ ಬಂದಿದ್ದೀರಿ” ಅಂದರು. ಆ ಹಾಳೆ ನನ್ನ ಹತ್ತಿರ ಇದೆ. ಅದರ ಮೊದಲ ಗುರುತಿಗೆ ಈಗ ಒಂದು ವ್ಯವಸ್ಥೆ ಮಾಡಿದ್ದೇನೆ: ದೊಡ್ಡ ಆರ್ಡರಿನ ದುಡ್ಡು ನೇರ ಹೆಂಡತಿಯ ಖಾತೆಗೆ.

ಯಾರಾದರೂ ‘ಈ ಸೇವೆ ಹೇಗಿದೆ’ ಅಂತ ಕೇಳಿದರೆ ನಾನು ಈ ಶುಕ್ರವಾರವನ್ನೇ ಹೇಳುವುದು. ಮೊದಲ ಸಲ ಬಂದವರನ್ನು ಎಲ್ಲಾ ಕಡೆಯೂ ಚೆನ್ನಾಗೇ ಮಾತಾಡಿಸುತ್ತಾರೆ. ಎರಡನೇ ಸಲ, ವಾಸನೆ ಹೊಡೆಯುತ್ತಾ ಬಂದವನನ್ನು ಹೇಗೆ ಮಾತಾಡಿಸುತ್ತಾರೆ ನೋಡಿ.

ಉಳಿದ ದೂರುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 14 ತಿಂಗಳಲ್ಲಿ ಮೂವರು ಕೌನ್ಸೆಲರ್ ಬದಲಾದರು, ಪ್ರತಿಯೊಬ್ಬರಿಗೂ ನನ್ನ ಅಪ್ಪನ ಕಥೆಯಿಂದ ಶುರು ಮಾಡಬೇಕು. ಕಾಯುವ ಜಾಗದ ಗಾಜಿನ ಬಾಗಿಲು ನೇರ ರಸ್ತೆಗೆ ಕಾಣುತ್ತದೆ, ಅದಕ್ಕೊಂದು ಪರದೆ ಹಾಕಿ ಅಂತ ಕೇಳಿ ಸಾಕಾಗಿ, ಅಳತೆ ತೆಗೆದು ನಾನೇ ಹೊಲಿದು ಕೊಟ್ಟೆ. ಮೂತ್ರದ ಸ್ಯಾಂಪಲ್ ಕೊಡುವ ಕೋಣೆಯ ಬಾಗಿಲಿಗೆ ಚಿಲಕ ಇಲ್ಲ, ಅದು ನನ್ನ ಕೈಯಲ್ಲಿ ಆಗುವ ಕೆಲಸವಲ್ಲ.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದು. ಬಿಟ್ಟ ಎರಡನೇ ತಿಂಗಳು ನನಗೆ ಏಳಲೂ ಮನಸ್ಸಿಲ್ಲದ ಹಾಗೆ ಆಯಿತು, ಬದುಕು ಸಾಕು ಅನಿಸುತ್ತಿತ್ತು. ಮಾನಸಿಕ ಆರೋಗ್ಯಕ್ಕೆ ಬೇರೆ ಕಡೆ ಕಳಿಸಿದರು. ಅಲ್ಲಿನವರು “ಮೊದಲು ಕುಡಿತದ ಚಿಕಿತ್ಸೆ ಮುಗಿಸಿ ಬನ್ನಿ” ಅಂದರು. ಇಲ್ಲಿಗೆ ಬಂದರೆ “ಅದು ಅವರು ನೋಡಬೇಕು” ಅಂದರು. ಆರು ವಾರ ಚೆಂಡಿನ ಹಾಗೆ ಓಡಾಡಿದೆ. ಕುಡಿತ, ಖಿನ್ನತೆ ಎರಡೂ ಒಂದೇ ತಲೆಯಲ್ಲಿ ಇರುತ್ತವೆ, ಎರಡು ಕಟ್ಟಡಕ್ಕೆ ಹಂಚಿಕೊಂಡು ಹುಟ್ಟಿರುವುದಿಲ್ಲ. ಕೊನೆಗೆ ಇಲ್ಲಿನ ಡಾಕ್ಟರೇ ಫೋನ್ ಹಿಡಿದು ಕೂತು ದಿನ ಗೊತ್ತು ಮಾಡಿಸಿದರು. ಇದಕ್ಕೆ ಒಂದು ಸ್ಟಾರ್ ಕಿತ್ತೆ. ಐದರಲ್ಲಿ ನಾಲ್ಕು.

ಹೋಗುವವರಿಗೆ: ಈಗ ತೆಗೆದುಕೊಳ್ಳುವ ಎಲ್ಲಾ ಮಾತ್ರೆಗಳ ಪಟ್ಟಿ ಒಯ್ಯಿರಿ, ನಿದ್ದೆ ಮಾತ್ರೆಯನ್ನು ಮುಚ್ಚಿಡಬೇಡಿ. ಎಷ್ಟು ಕುಡಿಯುತ್ತೀರಿ ಅಂದಾಗ ಅರ್ಧ ಹೇಳಬೇಡಿ, ಮಾತ್ರೆಯ ಲೆಕ್ಕ ಅದರ ಮೇಲೇ ನಿಲ್ಲುವುದು. ಎಡಗಡೆಯ ಕುರ್ಚಿಗಳಲ್ಲಿ ಕೂತರೆ ಪರದೆಯ ಸಂದಿಯಿಂದಲೂ ಯಾರಿಗೂ ಕಾಣುವುದಿಲ್ಲ.

ನನ್ನ ಸ್ಪ್ರೇ ಮೆಷಿನಿನ ಡ್ರಾಯರಿನಲ್ಲಿ ಬಾಬಿನ್‌ಗಳ ಪಕ್ಕ ಇದೆ, ಇನ್ನೂ ಸೀಲ್ ಒಡೆದಿಲ್ಲ. ಅವಧಿ ಮುಂದಿನ ತಿಂಗಳಿಗೆ ಮುಗಿಯುತ್ತದೆ. ಗುರುವಾರ ಹೋದಾಗ ಹೊಸದು ಇಸಿದುಕೊಂಡು ಬರಬೇಕು.